ಬಯಾಪ್ಸಿ ರಿಪೋರ್ಟ್ ಬಂದ ದಿನವೇ ಟ್ರಯಲ್ ಪಟ್ಟಿ ನೋಡಬೇಕು: ಸಣ್ಣ ಕ್ಲಿನಿಕ್‌ನಲ್ಲಿ ಎಐ ಬಳಸಿ ಕಲಿತದ್ದು, ತಪ್ಪಿದ್ದು

ಸರಸ್ವತಿಪುರಂ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಸಣ್ಣ ಕ್ಯಾನ್ಸರ್ ಡೇ ಕೇರ್ ಕ್ಲಿನಿಕ್‌ನಲ್ಲಿ ನರ್ಸ್. ಆರು ಹಾಸಿಗೆ, ವಾರಕ್ಕೆ ಮೂರು ದಿನ ಬರುವ ಡಾಕ್ಟರು, ನಾನು, ಇನ್ನೊಬ್ಬಳು ಸಿಸ್ಟರ್. ನಂಜನಗೂಡು, ಟಿ. ನರಸೀಪುರ, ಹುಣಸೂರು, ಮಂಡ್ಯ ಕಡೆಯವರು ಬರುತ್ತಾರೆ. ಕೀಮೋ ಹಾಕುವುದು, ರಕ್ತದ ರಿಪೋರ್ಟ್ ನೋಡುವುದು, ಫೈಲ್ ಜೋಡಿಸುವುದು ಎಲ್ಲ ನಮ್ಮ ಕೈಯಲ್ಲೇ. ನಮ್ಮಲ್ಲಿ ಕ್ಲಿನಿಕಲ್ ಟ್ರಯಲ್, ಅಂದರೆ ಯಾವ ಚಿಕಿತ್ಸೆ ಮೇಲು ಅಂತ ರೋಗಿಗಳ ಒಪ್ಪಿಗೆ ಪಡೆದು ಪರೀಕ್ಷಿಸುವ ಅಧ್ಯಯನ, ನಡೆಯುವುದಿಲ್ಲ. ಆದರೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಎಷ್ಟೋ ಜನ ಮೊದಲು ಕೂರುವುದು ನಮ್ಮ ಬೆಂಚಿನ ಮೇಲೆ. ‘ನಿಮ್ಮ ಖಾಯಿಲೆಗೆ ಬೆಂಗಳೂರಲ್ಲೋ ಮುಂಬೈಯಲ್ಲೋ ಒಂದು ಅಧ್ಯಯನ ನಡೀತಿದೆ, ಕೇಳಿ ನೋಡೋಣವಾ’ ಅಂತ ಹೇಳಬೇಕಾದವರು ನಾವೇ. ಹೇಳುತ್ತಿರಲಿಲ್ಲ, ಏಕೆಂದರೆ ನಮಗೇ ಗೊತ್ತಿರುತ್ತಿರಲಿಲ್ಲ.

ಭಾರತದಲ್ಲಿ ನಡೆಯುವ ಟ್ರಯಲ್‌ಗಳ ನೋಂದಣಿ ಪುಸ್ತಕ ಸಿಟಿಆರ್‌ಐ. 2007ರ ಜುಲೈನಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಆದರೆ ಒಂದೊಂದು ದಾಖಲೆಯೂ ಉದ್ದುದ್ದ, ಅಷ್ಟೂ ಇಂಗ್ಲಿಷ್. ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಅನ್ನುವುದೇ ಕೆಲವೊಮ್ಮೆ ಎರಡು ಪುಟ. ಡ್ರಿಪ್ ಮುಗಿಯುತ್ತಿದೆ ಅಂತ ಒಬ್ಬರು ಕರೆಯುತ್ತಿರುವಾಗ ಅದನ್ನು ಓದುತ್ತಾ ಕೂರಲು ಯಾರಿಂದ ಆಗುತ್ತದೆ?

ಹೋದ ವರ್ಷದಿಂದ ಒಂದು ಎಐ ಟೂಲ್‌ನಲ್ಲಿ ಈ ಕೆಲಸ ಮಾಡಿಸುತ್ತಿದ್ದೇನೆ. ದಾಖಲೆಯ ಪಠ್ಯ ಕೊಟ್ಟು, ‘ಯಾವ ಕ್ಯಾನ್ಸರ್, ಯಾವ ಹಂತ, ಮೊದಲು ಯಾವ ಚಿಕಿತ್ಸೆ ಆಗಿರಬಾರದು, ಎಲ್ಲಿ ನಡೆಯುತ್ತಿದೆ, ಯಾರಿಗೆ ಫೋನ್ ಮಾಡಬೇಕು’ ಅಂತ ಪಟ್ಟಿ ಮಾಡಿಸುತ್ತೇನೆ. ಒಂದು ಗಂಟೆ ಹಿಡಿಯುತ್ತಿದ್ದದ್ದು ಹತ್ತು ನಿಮಿಷಕ್ಕೆ ಬಂತು. ಖುಷಿಯಾಗಿದ್ದೆ.

ಆಮೇಲೆ ಒಂದು ತಪ್ಪಾಯಿತು. ಅದನ್ನು ಹೇಳದೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ. ಕೆ.ಆರ್. ಪೇಟೆ ಕಡೆಯ ಒಬ್ಬರು, ಕೆನ್ನೆಯ ಒಳಗೆ ಕ್ಯಾನ್ಸರ್, ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ. ಟೂಲ್ ಕೊಟ್ಟ ಪಟ್ಟಿಯಲ್ಲಿ ಬೆಂಗಳೂರಿನ ಒಂದು ಟ್ರಯಲ್ ‘ಸೇರಿಸಿಕೊಳ್ಳುತ್ತಿದ್ದಾರೆ’ ಅಂತಿತ್ತು. ಡಾಕ್ಟರಿಗೆ ತೋರಿಸಿದೆ, ಕಾಗದ ಬರೆದುಕೊಟ್ಟರು. ಆ ರೋಗಿಯೂ ಅವರ ಹೆಂಡತಿಯೂ ಬೆಳಗಿನ ಜಾವ ನಾಲ್ಕೂವರೆಯ ಬಸ್ಸು ಹತ್ತಿ ಹೋದರು. ಅಲ್ಲಿ ‘ಇದು ಮುಗಿದು ಎಷ್ಟೋ ತಿಂಗಳಾಯಿತು’ ಅಂದರಂತೆ. ರಾತ್ರಿ ವಾಪಸ್. ದಿನವಿಡೀ ಅವರ ಹೊಟ್ಟೆಗೆ ಹೋದದ್ದು ಒಂದು ಬಾಟಲ್ ರಾಗಿ ಗಂಜಿ.

ಮಾರನೆಯ ದಿನ ಮೂಲ ದಾಖಲೆ ತೆಗೆದು ನೋಡಿದೆ. ಸಿಟಿಆರ್‌ಐ ಪುಟದಲ್ಲಿ ಸ್ಥಿತಿ ಎರಡು ಕಡೆ ಬರೆದಿರುತ್ತದೆ: ಜಗತ್ತಿನ ಮಟ್ಟದ್ದು ಒಂದು, ಭಾರತದ್ದು ಒಂದು. ಜಗತ್ತಿನದು ತೆರೆದಿತ್ತು, ಭಾರತದ್ದು ಮುಚ್ಚಿತ್ತು. ಟೂಲ್ ಮೊದಲನೆಯದನ್ನು ಎತ್ತಿಕೊಂಡಿತ್ತು. ನಾನು ಮೂಲ ನೋಡಲಿಲ್ಲ, ಫೋನೂ ಮಾಡಲಿಲ್ಲ. ಆಗಿನಿಂದ ನನ್ನ ಟೇಬಲ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ‘ಬಸ್ಸಿಗಿಂತ ಮೊದಲು ಫೋನು.’

ಬೇರೆ ಕ್ಲಿನಿಕ್‌ಗಳಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ, ಹೇಗೆ ಜೋಡಿಸಿಕೊಂಡಿದ್ದೀರಿ ಅಂತ ದಯವಿಟ್ಟು ಹೇಳಿ. ಈ ಕೆಲಸ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಮಂಡ್ಯದ ಮಗ:

ಸಿಸ್ಟರ್, ನೀವು ಒಪ್ಕೊಂಡು ಬರ್ದಿದ್ದೀರಲ್ಲ, ಅದೇ ದೊಡ್ಡದು. ನಮ್ಮಪ್ಪನ ಕತೆ ಹೇಳ್ತೀನಿ. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಂಟು ಅಂತ ಗೊತ್ತಾಯ್ತು. ಚೂರು ತೆಗ್ದು ಟೆಸ್ಟಿಗೆ ಕಳ್ಸಿದ್ರು, ರಿಪೋರ್ಟ್ ಬಂದ ನಾಲ್ಕನೇ ದಿನಕ್ಕೆ ಕೀಮೋ ಶುರು. ನಾವು ಆದಷ್ಟು ಬೇಗ ಮಾಡ್ಲಿ ಅಂತಲೇ ಇದ್ದೋ. ಎರಡು ಸಲ ಆದ್ಮೇಲೆ ನೆಂಟ್ರೊಬ್ರು ಹೇಳಿದ್ರು ಅಂತ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿ ಡಾಕ್ಟ್ರು ಫೈಲ್ ಪೂರ್ತಿ ನೋಡಿ ಅಂದ್ರು: ‘ನಿಮ್ಮ ತಂದೆಯಂಥೋರ್ಗೇ ಒಂದು ಸ್ಟಡಿ ಇದೆ. ಆದ್ರೆ ಕೀಮೋ ಒಂದು ಸಲನೂ ಆಗಿರಬಾರ್ದು. ಈಗ ಸೇರಿಸ್ಕೊಳ್ಳೋಕೆ ಬರಲ್ಲ.’

ಸೇರಿದ್ರೆ ಅಪ್ಪ ಉಳೀತಿದ್ರು ಅಂತ ನಾನು ಹೇಳ್ತಿಲ್ಲ. ಯಾರಿಗೂ ಗೊತ್ತಿಲ್ಲ ಅದು. ಆದ್ರೆ ಮೊದಲನೇ ಕೀಮೋಗೆ ಮುಂಚೆ ಒಬ್ರು, ಒಂದೇ ಒಂದ್ಸಲ, ‘ಇಂಥದ್ದೊಂದು ಇದೆ, ಬೇಕಾ ಬೇಡ್ವಾ’ ಅಂತ ಕೇಳಿದ್ರೆ ತೀರ್ಮಾನ ನಮ್ಮದಾಗಿರ್ತಿತ್ತು. ಈಗ್ಲೂ ರಾತ್ರಿ ಹೊತ್ತು ಅದೇ ಕೊರೀತದೆ. ದಯವಿಟ್ಟು ನಿಲ್ಲಿಸ್ಬೇಡಿ. ಬೇಗ ನೋಡಿ, ಅಷ್ಟೇ ನಾನು ಕೇಳೋದು.

ಹೆಬ್ಬಾಳದ ಕೋಡುಗಾರ:

ನಾನು ಸಾಫ್ಟ್‌ವೇರ್‌ನವನು, ಡಾಕ್ಟರಲ್ಲ. ನಮ್ಮ ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಸಮಯದಲ್ಲಿ ಇದನ್ನೇ ಮನೆಯಲ್ಲಿ ಕೂತು ಮಾಡಿದ್ದೆ. ಕಂಡದ್ದನ್ನು ಹೇಳುತ್ತೇನೆ.

ಸಿಸ್ಟರ್, ನೀವು ಟೂಲ್‌ಗೆ ಕೇಳಿದ ಪ್ರಶ್ನೆಯಲ್ಲೇ ತೊಂದರೆ ಇದೆ. ‘ಸೇರಿಸಿಕೊಳ್ಳುತ್ತಿದ್ದಾರಾ’ ಅಂದರೆ ಅದು ಹೌದು ಅಥವಾ ಇಲ್ಲ ಅನ್ನಲೇಬೇಕು ಅಂದುಕೊಳ್ಳುತ್ತದೆ. ಹಾಗೆ ಬಿಡಬೇಡಿ. ಪ್ರತಿ ಷರತ್ತಿಗೂ ಮೂರು ಉತ್ತರ ಇರಲಿ: ಹೊಂದುತ್ತದೆ, ಹೊಂದುವುದಿಲ್ಲ, ಫೈಲ್‌ನಲ್ಲಿ ಇಲ್ಲ. ಜೊತೆಗೆ ಪ್ರತಿ ಉತ್ತರದ ಪಕ್ಕ ಮೂಲದ ಸಾಲನ್ನು ಇದ್ದ ಹಾಗೇ ಎತ್ತಿ ಬರೆಯಬೇಕು ಅಂತ ಹೇಳಿ. ಆ ಸಾಲನ್ನು ನೀವು ದಾಖಲೆಯಲ್ಲಿ ಹುಡುಕಿ. ಸಿಕ್ಕದಿದ್ದರೆ ಆ ಉತ್ತರವನ್ನು ಹೊಡೆದುಹಾಕಿ. ಟೂಲ್‌ಗಳು ಇಲ್ಲದ ಸಾಲನ್ನೂ ಇದ್ದ ಹಾಗೆ ಬರೆದುಬಿಡುತ್ತವೆ, ಅದೂ ಒಳ್ಳೆಯ ಭಾಷೆಯಲ್ಲಿ. ಓದುವವರಿಗೆ ಅನುಮಾನವೇ ಬರುವುದಿಲ್ಲ.

ಇನ್ನೊಂದು, ಫೋಟೋ. ಫೋನಿನಲ್ಲಿ ತೆಗೆದ ಲ್ಯಾಬ್ ರಿಪೋರ್ಟ್ ಓದಿಸಿದಾಗ ಚಿಕ್ಕಮ್ಮನ ಕ್ರಿಯಾಟಿನಿನ್ 0.9 ಇದ್ದದ್ದು 9 ಆಯಿತು. ಚುಕ್ಕಿ ಮಡಿಕೆಯಲ್ಲಿ ಹೋಗಿತ್ತು. 9 ಅಂದರೆ ಕಿಡ್ನಿ ಕೈಕೊಟ್ಟ ಹಾಗೆ. ಹೊಂದುತ್ತಿದ್ದ ಎಲ್ಲ ಟ್ರಯಲ್‌ಗಳನ್ನೂ ಟೂಲ್ ಒಂದೇ ಏಟಿಗೆ ತಳ್ಳಿಹಾಕಿತ್ತು. ತಾರೀಖು ಕೂಡ ಹಾಗೇ. ನಾವು 05/08 ಅಂತ ಬರೆದರೆ ಆಗಸ್ಟ್ 5, ಟೂಲ್ ಅದನ್ನು ಅಮೆರಿಕದವರ ಹಾಗೆ ಮೇ 8 ಅಂತ ಓದಬಹುದು. ‘ಕೊನೆಯ ಕೀಮೋ ಆಗಿ 28 ದಿನ ಆಗಿರಬೇಕು’ ಅನ್ನುವ ಷರತ್ತಿದ್ದರೆ ಇಡೀ ಲೆಕ್ಕ ಬುಡಮೇಲು. ತಿಂಗಳನ್ನು ಅಕ್ಷರದಲ್ಲಿ ಬರೆದುಕೊಡಿ. ಅಂಕಿಗಳನ್ನು ಕೈಯಲ್ಲೇ ಟೈಪ್ ಮಾಡಿ, ಒಬ್ಬರು ಓದಿ, ಇನ್ನೊಬ್ಬರು ನೋಡಿ.

ಎಐ ಎಷ್ಟು ಸರಿ ಹೇಳುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ. ಅಮೆರಿಕದ ಎನ್‌ಐಎಚ್‌ನವರು ಟ್ರಯಲ್‌ಜಿಪಿಟಿ ಅಂತ, ರೋಗಿಗೆ ಹೊಂದುವ ಟ್ರಯಲ್ ಹುಡುಕುವ ಒಂದು ಎಐ ಮಾಡಿ 2024ರಲ್ಲಿ ಪ್ರಕಟಿಸಿದರು. ಒಂದೊಂದು ಷರತ್ತಿನ ಮಟ್ಟದಲ್ಲಿ 87.3 ಶೇಕಡಾ ಸರಿ, ಜರಡಿ ಹಿಡಿಯುವ ಸಮಯದಲ್ಲಿ 42.6 ಶೇಕಡಾ ಉಳಿತಾಯ. ಕೇಳಲು ಚೆನ್ನಾಗಿದೆ. ಆದರೆ ಒಂದು ಟ್ರಯಲ್‌ಗೆ 20 ಷರತ್ತು ಅಂತ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಎರಡರಿಂದ ಮೂರು ಷರತ್ತು ತಪ್ಪಿರುತ್ತವೆ. ಒಂದು ತಪ್ಪಿದರೂ ಆ ದಂಪತಿಯ ಹಾಗೆ ಒಂದು ದಿನ ಹಾಳು. ಹಾಗಾಗಿ ಟೂಲ್ ಹೆಕ್ಕಿಕೊಡಲಿ, ತೀರ್ಪು ಕೊಡುವುದು ಬೇಡ.

ರೋಗಿಯ ಹೆಸರು, ಊರು, ಫೋನ್, ಆಭಾ ಸಂಖ್ಯೆ (ಸರ್ಕಾರದ ಆರೋಗ್ಯ ಖಾತೆಯದ್ದು), ಆಸ್ಪತ್ರೆಯ ನಂಬರ್ ಯಾವುದನ್ನೂ ಹಾಕಬೇಡಿ. ರಿಪೋರ್ಟಿನ ಫೋಟೋ ಅಪ್‌ಲೋಡ್ ಮಾಡಿದರೆ ಇವೆಲ್ಲ ಮೇಲ್ಗಡೆಯೇ ಇರುತ್ತವೆ, ಮರೆಯಬೇಡಿ.

ಸರಸ್ವತಿಪುರಂ ಸಿಸ್ಟರ್:

ಸಾರ್, ‘ಫೈಲ್‌ನಲ್ಲಿ ಇಲ್ಲ’ ಅನ್ನುವ ಮೂರನೇ ಕಾಲಂ ಇವತ್ತೇ ಹಾಕಿ ನೋಡಿದೆ. ಹಳೆಯ ಐದು ಫೈಲ್ ಕೊಟ್ಟೆ, ಹೆಸರು ತೆಗೆದು. ಐದರಲ್ಲೂ ಅತಿ ಹೆಚ್ಚು ತುಂಬಿದ್ದು ಆ ಮೂರನೇ ಕಾಲಮ್ಮೇ! ಹಿಂದೆ ಅದೇ ಟೂಲ್ ಅದೇ ಜಾಗಗಳಲ್ಲಿ ಏನೋ ಒಂದು ಉತ್ತರ ಕೊಟ್ಟಿತ್ತು. ಅಂದರೆ ನಮ್ಮ ಫೈಲ್‌ಗಳಲ್ಲೇ ಅಷ್ಟು ಕೊರತೆ ಇದೆ. ಇದು ನನಗೆ ಇವತ್ತಿನ ಪಾಠ.

ಮಳವಳ್ಳಿ ಆಶಾ:

ಸಿಸ್ಟರ್, ನಾನು ಹಳ್ಳಿಯಲ್ಲಿ ಮನೆ ಮನೆ ಸುತ್ತುವ ಆಶಾ. ನಿಮ್ಮ ಪಟ್ಟಿ ಸರಿಯಾದರೂ ನನ್ನ ಕಷ್ಟ ಅದರಾಚೆ ಇದೆ. ‘ಟ್ರಯಲ್’ ಅಂದ ಕೂಡಲೇ ಜನ ಏನಂತಾರೆ ಗೊತ್ತಾ? ‘ನಮ್ಮ ಮೇಲೆ ಟ್ರಯಲ್ ನೋಡ್ತಾರಾ?’ ಅಂಗಡಿಯಲ್ಲಿ ಶರಟು ಟ್ರಯಲ್ ನೋಡಿ ಬಿಸಾಕುತ್ತಾರಲ್ಲ, ಹಾಗೆ. ‘ಪ್ರಯೋಗ’ ಅಂದರೆ ಇನ್ನೂ ಕೆಟ್ಟದು, ಇಲಿ ಮೊಲ ನೆನಪಾಗುತ್ತೆ ಅವರಿಗೆ.

ಆ ಭಯ ಸುಮ್ಮನೆ ಬಂದದ್ದಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ ಗರ್ಭಕಂಠ ಕ್ಯಾನ್ಸರ್ ಲಸಿಕೆಯ ಯೋಜನೆಯಲ್ಲಿ ಎಷ್ಟೋ ಹೆಣ್ಣುಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು, ಸಂಸತ್ತಿನ ಸಮಿತಿವರೆಗೂ ಹೋಯಿತು. ತಾಯಿ ತಂದೆಗೆ ಹೇಳದೆ ಮಕ್ಕಳ ತೋಳಿಗೆ ಸೂಜಿ ಹಾಕಿದರು ಅನ್ನುವ ಮಾತು ಎಷ್ಟು ದೂರ ಹೋಗಬೇಕೋ ಅಷ್ಟು ದೂರ ಹೋಗಿದೆ. ಈಗ ನಾನು ಶಾಲೆಗೆ ಯಾವ ಲಸಿಕೆ ಹಾಕಿಸಲು ಹೋದರೂ ಒಬ್ಬರಾದರೂ ಕೇಳುತ್ತಾರೆ.

ನಾನು ಹೇಳುವ ರೀತಿ ಇದು: ‘ಅಕ್ಕ, ಎರಡು ಔಷಧಿ ಇದೆ. ಈಗ ಎಲ್ಲರಿಗೂ ಕೊಡ್ತಿರೋದು ಒಂದು, ಅದಕ್ಕಿಂತ ಚೆನ್ನಾಗಿರಬಹುದು ಅಂತ ಅನ್ನಿಸಿರೋದು ಇನ್ನೊಂದು. ಯಾವುದು ಮೇಲು ಅಂತ ಡಾಕ್ಟರಿಗೂ ಇನ್ನೂ ಗೊತ್ತಿಲ್ಲ. ಚೀಟಿ ಎತ್ತಿದ ಹಾಗೆ ಕೆಲವರಿಗೆ ಇದು, ಕೆಲವರಿಗೆ ಅದು. ಬೇಡ ಅಂದ್ರೆ ಬೇಡ. ನಡುವೆ ಬಿಟ್ರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಸಂಗಿಲ್ಲ.’ ಚೀಟಿ ಎತ್ತೋದು ಅಂದರೆ ಎಲ್ಲರಿಗೂ ಅರ್ಥವಾಗುತ್ತೆ. ನಮ್ಮ ಸಂಘದಲ್ಲಿ ಸಾಲ ಯಾರಿಗೆ ಮೊದಲು ಅಂತ ಹಾಗೇ ತೀರ್ಮಾನ ಮಾಡೋದು, ಯಾರೂ ಮುನಿಸಿಕೊಳ್ಳಲ್ಲ.

ನಿಮ್ಮ ಎಐ ಇಂಥ ಕನ್ನಡ ಬರೆಯುತ್ತಾ?

ಚಾಮರಾಜಪುರಂ ಮೇಷ್ಟ್ರು:

ತಾಯಿ, ನಿಮ್ಮ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ, ಅದು ಚಿಂತೆಯ ಉತ್ತರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕೆಲವು ವರ್ಷ ಒಂದು ಎಥಿಕ್ಸ್ ಕಮಿಟಿಯಲ್ಲಿ ವೈದ್ಯನಲ್ಲದ ಸಾಮಾನ್ಯ ಸದಸ್ಯನಾಗಿದ್ದೆ. ಟ್ರಯಲ್‌ಗೆ ಒಪ್ಪಿಗೆ ಕೊಡುವ ಆ ಸಮಿತಿಯಲ್ಲಿ ನಮ್ಮಂಥ ಒಬ್ಬರು, ಕಾನೂನು ತಿಳಿದ ಒಬ್ಬರು ಇರಲೇಬೇಕು ಅಂತ ನಿಯಮ. ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರದ ಕನ್ನಡವನ್ನು ಓದಿ, ಇದು ಅರ್ಥವಾಗುತ್ತದೆಯೇ ಅಂತ ಹೇಳುವುದೇ ನಾನು ನನ್ನ ಮುಖ್ಯ ಕೆಲಸ ಅಂದುಕೊಂಡಿದ್ದೆ.

ಈಗ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಟೂಲ್‌ಗಳಿಂದ ಟ್ರಯಲ್ ವಿವರಗಳನ್ನು ಕನ್ನಡಕ್ಕೆ ಮಾಡಿಸಿ ನೋಡಿದೆ. ವ್ಯಾಕರಣ ಅಚ್ಚುಕಟ್ಟು. ಅಪಾಯ ಇರುವುದು ಒಂದೊಂದು ಪದದಲ್ಲಿ. ಖಾಯಿಲೆ ಮುಂದುವರಿದು ಹೆಚ್ಚಾಗುವುದಕ್ಕೆ ಡಾಕ್ಟರುಗಳು ‘ಪ್ರೋಗ್ರೆಷನ್’ ಅನ್ನುತ್ತಾರೆ. ಟೂಲ್ ಅದನ್ನು ‘ರೋಗದ ಪ್ರಗತಿ’ ಅಂತ ಬರೆಯಿತು. ನಮ್ಮ ಜನಕ್ಕೆ ಪ್ರಗತಿ ಅಂದರೆ ಏನು? ಅಂಕಪಟ್ಟಿಗೆ ನಾವು ಇಟ್ಟ ಹೆಸರೇ ಪ್ರಗತಿ ಪತ್ರ. ‘ನಿಮ್ಮ ಖಾಯಿಲೆಯಲ್ಲಿ ಪ್ರಗತಿ ಕಂಡುಬಂದರೆ ಈ ಔಷಧಿ ನಿಲ್ಲಿಸಲಾಗುವುದು’ ಅಂತ ಓದಿದವರು ಏನು ತಿಳಿಯಬೇಕು? ಗುಣವಾಗುತ್ತಿದ್ದ ಹಾಗೆ ಔಷಧಿ ನಿಲ್ಲಿಸುತ್ತಾರೆ ಅಂತಲೇ. ಅರ್ಥ ಪೂರ್ತಿ ತಿರುಗಿಬಿತ್ತು. ‘ಖಾಯಿಲೆ ಹೆಚ್ಚಾದರೆ’ ಅಂದರೆ ಮುಗಿಯಿತು.

ಟ್ರಯಲ್‌ನಲ್ಲಿ ರೋಗಿಗಳ ಗುಂಪಿಗೆ ‘ಆರ್ಮ್’ ಅನ್ನುತ್ತಾರೆ. ಅದು ‘ತೋಳು’ ಆಯಿತು. ‘ನಿಮ್ಮನ್ನು ನಿಯಂತ್ರಣ ತೋಳಿಗೆ ಹಾಕಲಾಗುತ್ತದೆ’ ಅಂತ ಓದಿದ ಹೆಂಗಸು ತನ್ನ ತೋಳಿಗೆ ಏನೋ ಮಾಡುತ್ತಾರೆ ಅಂದುಕೊಂಡರೆ ತಪ್ಪು ಅವಳದಲ್ಲ, ಅದರಲ್ಲೂ ಸ್ತನದ ಆಪರೇಷನ್ ಆಗಿ ತೋಳು ಬಾತಿರುವವಳಾದರೆ. ಚೀಟಿ ಎತ್ತುವುದಕ್ಕೆ ‘ಯಾದೃಚ್ಛಿಕೀಕರಣ’ ಅಂತ ಬಂತು. ಮೂವತ್ತು ವರ್ಷ ಕನ್ನಡ ಕಲಿಸಿದ ನನಗೇ ಬಾಯಲ್ಲಿ ಹೊರಳಲಿಲ್ಲ. ‘ಗಂಟುಗಳು ಪಾಸಿಟಿವ್’ ಅಂದರೆ ಕ್ಯಾನ್ಸರ್ ಅಕ್ಕಪಕ್ಕದ ಗ್ರಂಥಿಗಳಿಗೂ ಹರಡಿದೆ ಅಂತ ಅರ್ಥ. ಕೊರೋನಾ ಬಂದ ಮೇಲೆ ಪಾಸಿಟಿವ್ ಅಂದರೆ ಕೆಟ್ಟದು ಅಂತ ಜನಕ್ಕೆ ಗೊತ್ತಾಗಿದೆ, ಸರಿ. ಆದರೆ ‘ಸಕಾರಾತ್ಮಕ ಗ್ರಂಥಿಗಳು’ ಅಂತ ಟೂಲ್ ಬರೆದರೆ ಅದು ಶುಭವಾರ್ತೆಯಂತೆ ಕೇಳಿಸುತ್ತದೆ.

ಸಿಸ್ಟರ್, ನಿಮ್ಮಲ್ಲಿ ನನ್ನ ವಿನಂತಿ: ರೋಗಿಯ ಕೈಗೆ ಕೊಡುವ ಕನ್ನಡವನ್ನು ಟೂಲ್‌ನಿಂದ ನೇರವಾಗಿ ಮುದ್ರಿಸಬೇಡಿ. ಇಂಥ ಮೂವತ್ತು ನಲವತ್ತು ಪದಗಳಿಗೆ ನಾವೇ ಪಟ್ಟಿ ಮಾಡಿ, ‘ಈ ಪದಕ್ಕೆ ಇದನ್ನೇ ಬರೆ’ ಅಂತ ಮೊದಲೇ ಕೊಡೋಣ. ಮಳವಳ್ಳಿಯವರು ಹೇಳಿದ ‘ಚೀಟಿ ಎತ್ತಿದ ಹಾಗೆ’ ಅದರಲ್ಲಿ ಮೊದಲನೆಯದಾಗಲಿ. ನಾನು ಬರೆದುಕೊಡಲು ಸಿದ್ಧ.

ಇನ್ನೊಂದು ಮಾತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಹೊಸ ರಾಸಾಯನಿಕದ ಔಷಧವನ್ನು ದುರ್ಬಲ ಸ್ಥಿತಿಯಲ್ಲಿರುವವರ ಮೇಲೆ ಪರೀಕ್ಷಿಸುವಾಗ ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಬೇಕು. ಇದನ್ನು ಬಾಯಿಮಾತಿನಲ್ಲಾದರೂ ಹೇಳಿ. ಹಕ್ಕು ಗೊತ್ತಿದ್ದವರಿಗೆ ಭಯ ಕಡಿಮೆ.

ಪಾಂಡವಪುರದ ರೈತ:

ಎಲ್ಲಾ ಓದ್ದೆ. ಕೋಪ ಮಾಡ್ಕೋಬೇಡಿ, ಮನಸ್ಸಲ್ಲಿರೋದು ಹೇಳ್ತೀನಿ. ನಮ್ಮೂರಲ್ಲಿ ಬಾಯಿ ಕ್ಯಾನ್ಸರ್ ಬಂದೋರು ಕರೆಂಟ್ (ರೇಡಿಯೇಷನ್) ಹಾಕುಸ್ಕೊಳ್ಳೋಕೆ ಆರು ವಾರ ದಿನಾ ಓಡಾಡ್ಬೇಕು. ಅರ್ಧ ಜನ ನಡುವೆ ಬಿಟ್ಬುಡ್ತಾರೆ. ಕಬ್ಬಿನ ದುಡ್ಡು ಬಂದಿರಲ್ಲ, ಜೊತೆಗೆ ಹೋಗೋರು ಇರಲ್ಲ, ಹಸು ನೋಡ್ಕೊಳ್ಳೋರು ಇರಲ್ಲ. ಇರೋ ಚಿಕಿತ್ಸೆನೇ ಪೂರ್ತಿ ಸಿಕ್ತಿಲ್ಲ, ಅಂಥದ್ರಲ್ಲಿ ಟ್ರಯಲ್ ಪಟ್ಟಿ, ಎಐ ಅಂತ ಮಾತಾಡೋದು ಹೊಟ್ಟೆ ಹಸ್ದೋನಿಗೆ ಊಟದ ಎಲೆ ತೋರ್ಸಿದಂಗೆ ಅಲ್ವಾ? ನಮ್ಮತ್ತಿಗೆ ಹಂಗೇ ಬಿಟ್ಬುಟ್ಟು ಹೋಗ್ಬುಟ್ರು. ಅವರಿಗೆ ಬೇಕಿದ್ದು ಬಸ್ ಚಾರ್ಜು, ಉಳ್ಕೊಳ್ಳೋಕೆ ಒಂದು ಜಾಗ.

ಆಂಕಾಲಜಿ ಓಪಿಡಿ:

ಪಾಂಡವಪುರದವರೇ, ನಿಮ್ಮ ಅತ್ತಿಗೆಯವರ ವಿಷಯ ಓದಿ ಬೇಸರವಾಯಿತು. ಕರೆಂಟ್ ನಡುವೆ ನಿಲ್ಲಿಸಿದರೆ ಎಷ್ಟು ನಷ್ಟ ಅಂತ ನಾನು ದಿನವೂ ನೋಡುತ್ತೇನೆ. ಮೊದಲು ಆಗಬೇಕಾದ್ದು ನೀವು ಹೇಳಿದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಟ್ರಯಲ್ ಅಂದರೆ ಹೊರದೇಶದ ದುಬಾರಿ ಔಷಧಿ ಅಂತ ಮಾತ್ರ ಅಂದುಕೊಳ್ಳಬೇಡಿ. ನಮ್ಮವರಿಗೆ, ನಮ್ಮ ಕೈಗೆಟಕುವ ಹಾಗೆ ಚಿಕಿತ್ಸೆ ಸಿಗುವುದು ಟ್ರಯಲ್‌ನಿಂದಲೇ.

ಬಾಯಿ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಶುರುವಿನ ಹಂತದಲ್ಲಿ ಬಾಯಿಯ ಗಂಟು ತೆಗೆಯುವಾಗಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕಾ, ಅಥವಾ ಆಮೇಲೆ ಊದಿಕೊಂಡರೆ ನೋಡೋಣವಾ ಅಂತ ಎಷ್ಟೋ ವರ್ಷ ಜಗತ್ತಿನಲ್ಲೆಲ್ಲ ವಾದ ನಡೆದಿತ್ತು. ಮುಂಬೈಯ ಟಾಟಾ ಮೆಮೋರಿಯಲ್‌ನವರು ಟ್ರಯಲ್ ಮಾಡಿ 2015ರಲ್ಲಿ ಉತ್ತರ ಕೊಟ್ಟರು. ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು 80 ಶೇಕಡಾ, ಕಾದು ನೋಡಿದವರಲ್ಲಿ 67.5. ಅದರಲ್ಲಿ ಹೊಸ ಔಷಧಿಯೇ ಇರಲಿಲ್ಲ. ಅದೇ ಆಸ್ಪತ್ರೆಯವರು ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ನಿವೊಲುಮ್ಯಾಬ್ ಅನ್ನುವ ದುಬಾರಿ ಇಮ್ಯುನೋಥೆರಪಿ ಔಷಧವನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ಮಾಮೂಲಿ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷಕ್ಕೆ ಬದುಕಿದ್ದವರ ಪ್ರಮಾಣ 16.3ರಿಂದ 43.4 ಶೇಕಡಾಕ್ಕೆ ಏರಿತು. ಇಂಥ ಪ್ರಶ್ನೆಯನ್ನು ಔಷಧ ಕಂಪನಿ ಕೇಳುವುದಿಲ್ಲ. ನಮ್ಮ ರೋಗಿಗಳು ಸೇರಿದ್ದರಿಂದ ಉತ್ತರ ಸಿಕ್ಕಿತು.

ಹಾಗಂತ ಟ್ರಯಲ್ ಸೇರಿದರೆ ವಾಸಿಯಾಗುತ್ತದೆ ಅಂತ ಯಾರೂ ಹೇಳಬಾರದು. ಹೊಸ ಔಷಧಿ ಹಳೆಯದಕ್ಕಿಂತ ಕೆಟ್ಟದಾಗಿರುವುದೂ ಉಂಟು.

ಸಿಸ್ಟರ್, ನಿಮ್ಮ ಮೂರನೇ ಕಾಲಂ ಬಗ್ಗೆ. ಅದು ತುಂಬಿದೆ ಅಂದರೆ ಟೂಲ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ಹರ್‌2 ಅನ್ನುವ ಪ್ರೋಟೀನಿನ ಅಂಕ 3+ ಇದ್ದರೆ ಪಾಸಿಟಿವ್. 2+ ಇದ್ದರೆ ಯಾವ ಕಡೆಗೂ ಹೇಳಲಾಗದು, ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಬೇಕು. ಎಷ್ಟೋ ಫೈಲ್ 2+ಕ್ಕೇ ನಿಂತಿರುತ್ತವೆ. ‘ಫಿಶ್ ಆಗಿಲ್ಲ’ ಅಂತ ಟೂಲ್ ಎತ್ತಿ ತೋರಿಸಿದರೆ ಅದು ಟ್ರಯಲ್‌ಗಷ್ಟೇ ಅಲ್ಲ, ಮಾಮೂಲಿ ಚಿಕಿತ್ಸೆಗೂ ಉಪಕಾರ. ನಾನು ಈ ಟೂಲ್‌ಗಳನ್ನು ಮೆಚ್ಚಿದ್ದೇ ಆ ಕಾರಣಕ್ಕೆ.

ಇಸಿಒಜಿ ಅಂಕ ಇನ್ನೊಂದು. ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ ಅನ್ನುವುದಕ್ಕೆ 0ಯಿಂದ 5ರವರೆಗೆ ಅಂಕ. ಬಹಳಷ್ಟು ಟ್ರಯಲ್‌ಗಳು 0 ಅಥವಾ 1 ಇರಲೇಬೇಕು ಅನ್ನುತ್ತವೆ. ನಾವು ಡಾಕ್ಟರುಗಳು ಓಪಿಡಿ ಚೀಟಿಯಲ್ಲಿ ಅದನ್ನು ಬರೆಯುವುದೇ ಇಲ್ಲ, ಇದು ನಮ್ಮ ತಪ್ಪು. ಅದನ್ನು ಯಾವ ಟೂಲೂ ಕಾಗದದಿಂದ ಊಹಿಸಬಾರದು. ನೀವು ಕೇಳಿ: ಹೊಲಕ್ಕೆ ಹೋಗ್ತೀರಾ? ಮನೆ ಕಸ ಗುಡಿಸ್ತೀರಾ? ಸ್ನಾನ ನೀವೇ ಮಾಡ್ಕೋತೀರಾ? ಹಗಲಲ್ಲಿ ಎಷ್ಟು ಹೊತ್ತು ಮಲಗಿರ್ತೀರಾ? ಬಾಗಿಲಿಂದ ಹಾಸಿಗೆವರೆಗೆ ಅವರು ನಡೆದು ಬರುವುದನ್ನು ನೋಡಿದ ನಿಮ್ಮ ಕಣ್ಣಿಗೆ ಅರ್ಧ ಗೊತ್ತಾಗಿರುತ್ತದೆ.

ಒಂಟಿಕೊಪ್ಪಲಿಂದ ಒಹಾಯೋ:

ನಾನು ಮೈಸೂರಿನವಳು, ಇಲ್ಲಿ ಅಮೆರಿಕದಲ್ಲಿ ಟ್ರಯಲ್ ಸಂಯೋಜಕಿ. ಇಲ್ಲೂ ಇದೇ ಗೋಳು ಅಂದರೆ ನಂಬುತ್ತೀರಾ? ಹೆಚ್ಚಿನ ರೋಗಿಗಳು ತೋರಿಸಿಕೊಳ್ಳುವುದು ತಮ್ಮ ಊರಿನ ಸಣ್ಣ ಕೇಂದ್ರಗಳಲ್ಲಿ, ಟ್ರಯಲ್‌ಗಳು ಇರುವುದು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ. ಚಿಕಿತ್ಸೆಯ ಟ್ರಯಲ್‌ಗಳಿಗೆ ಸೇರುವವರು ನೂರಕ್ಕೆ ಐದೂ ಇಲ್ಲ ಅಂತ ಬಹಳ ಕಾಲ ಹೇಳುತ್ತಿದ್ದರು, 2024ರಲ್ಲಿ ಬಂದ ಲೆಕ್ಕದಲ್ಲಿ 7.1 ಶೇಕಡಾ. ಊರಿನ ಕೇಂದ್ರಗಳಿಗೇ ಟ್ರಯಲ್ ತಲುಪಿಸಲು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2014ರಲ್ಲಿ ಎನ್‌ಕಾರ್ಪ್ ಅನ್ನುವ ಜಾಲ ಮಾಡಿತು. ದೊಡ್ಡ ಯಂತ್ರ ತಂದು ಕೈಸುಟ್ಟುಕೊಂಡದ್ದೂ ಇದೆ: ಐಬಿಎಂ ಕಂಪನಿಯ ವಾಟ್ಸನ್ ಅನ್ನುವ ಎಐ ನಂಬಿ ಎಂ.ಡಿ. ಆಂಡರ್ಸನ್ ಆಸ್ಪತ್ರೆ 6.2 ಕೋಟಿ ಡಾಲರ್ ಖರ್ಚು ಮಾಡಿ ಕೈಬಿಟ್ಟಿತು. ನಿಮ್ಮ ಆರು ಹಾಸಿಗೆಯ ಪಟ್ಟಿ ನನಗೆ ಅದಕ್ಕಿಂತ ಹೆಚ್ಚು ಗಟ್ಟಿ ಅನ್ನಿಸುತ್ತದೆ, ಏಕೆಂದರೆ ಅದನ್ನು ದಿನಾ ತಿದ್ದುವವರು ರೋಗಿಯ ಮುಖ ನೋಡಿದವರು.

ಒಂದು ಸಲಹೆ: ಪಟ್ಟಿಯ ಪ್ರತಿ ಸಾಲಿನಲ್ಲೂ ‘ಕೊನೆಗೆ ಯಾವತ್ತು ಪರಿಶೀಲಿಸಿದ್ದು, ಯಾರು’ ಅಂತ ಬರೆಯಿರಿ. ಸಿಟಿಆರ್‌ಐ ಪುಟದಲ್ಲೂ ಕೊನೆಯ ತಿದ್ದುಪಡಿಯ ತಾರೀಖು ಇರುತ್ತದೆ, ಅದನ್ನೂ ಪಕ್ಕದಲ್ಲಿ ಹಾಕಿ. ತಾರೀಖು ಹಳೆಯದಾಗಿದ್ದರೆ ಫೋನ್ ಮಾಡದೆ ನಂಬಬೇಡಿ.

ಸರಸ್ವತಿಪುರಂ ಸಿಸ್ಟರ್:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದನ್ನು ಮಾಡಿ ನೋಡಿದ ಮೇಲೆ ಬರೆಯೋಣ ಅಂತ ಕಾದೆ.

ಮಂಡ್ಯದ ಅಣ್ಣನ ಮಾತು ನನ್ನನ್ನು ಬಿಡಲಿಲ್ಲ. ಹಿಂದೆ ನಾನು ಪಟ್ಟಿ ತೆರೆಯುತ್ತಿದ್ದದ್ದು ಮೊದಲ ಕೀಮೋ ಸರಿಹೋಗದಿದ್ದಾಗ. ಈಗ ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನವೇ, ಕೀಮೋ ತಾರೀಖು ಬರೆಯುವ ಮುಂಚೆ ತೆರೆಯುತ್ತೇನೆ. ಇದರಿಂದ ಯಾರ ಕೀಮೋವೂ ಒಂದು ದಿನವೂ ತಡವಾಗಬಾರದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ, ಹಾಗಾಗಿ ಅದೇ ಸಂಜೆ ಮುಗಿಸುತ್ತೇನೆ. ಟೂಲ್ ಕೊಟ್ಟ ಮೂರನೇ ಕಾಲಂ ಅನ್ನು ಪ್ರಶ್ನೆಗಳಾಗಿ ಬರೆದು ಡಾಕ್ಟರ ಮುಂದೆ ಇಡುತ್ತೇನೆ: ಫಿಶ್ ಕಳಿಸೋಣವಾ, ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ, ಬ್ಲಾಕ್ (ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕಾಪಾಡಿ ಇಟ್ಟದ್ದು) ಯಾವ ಲ್ಯಾಬಿನಲ್ಲಿದೆ. ‘ಹೊಂದುತ್ತದೆ’ ಅನ್ನುವ ಕಾಲಮ್ಮನ್ನು ಕೊನೆಗೆ ನೋಡುತ್ತೇನೆ.

ಮೂರು ವಾರದಲ್ಲಿ ಹದಿನೇಳು ಹೊಸ ಫೈಲ್. ಟ್ರಯಲ್ ಕೇಂದ್ರಕ್ಕೆ ಫೋನ್ ಮಾಡಿದ್ದು ನಾಲ್ವರಿಗಾಗಿ. ಎರಡು ಮುಚ್ಚಿದ್ದವು, ಫೋನಿನಲ್ಲೇ ಗೊತ್ತಾಯಿತು, ಯಾರೂ ಬಸ್ಸು ಹತ್ತಲಿಲ್ಲ. ಒಬ್ಬರು ಯೋಚಿಸಿ ಬೇಡ ಅಂದರು. ಒಬ್ಬರು ಹೋಗಿ ತೋರಿಸಿದ್ದಾರೆ, ಪರೀಕ್ಷೆಗಳು ನಡೆಯುತ್ತಿವೆ. ಆದರೆ ಹದಿನೇಳರಲ್ಲಿ ಆರು ಫೈಲ್‌ಗಳಲ್ಲಿ ಮಾಮೂಲಿ ಚಿಕಿತ್ಸೆಗೇ ಬೇಕಿದ್ದ ಒಂದಲ್ಲ ಒಂದು ರಿಪೋರ್ಟ್ ಇರಲಿಲ್ಲ, ಈಗ ತರಿಸಿದ್ದೇವೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಪಾಂಡವಪುರದ ಅಣ್ಣ, ನಿಮ್ಮ ಮಾತಿಗಾಗಿ ಇನ್ನೊಂದು ಕಾಲಂ ಹಾಕಿದ್ದೇನೆ: ಆ ಕೇಂದ್ರದವರು ಓಡಾಟದ ಖರ್ಚು ಕೊಡುತ್ತಾರಾ, ಎಷ್ಟು ಸಲ ಹೋಗಬೇಕು, ಉಳಿಯಲು ಜಾಗ ಇದೆಯಾ. ಇದು ದಾಖಲೆಯಲ್ಲಿ ಸಿಕ್ಕಿದ್ದು ಕಡಿಮೆ, ಫೋನಿನಲ್ಲೇ ಕೇಳುತ್ತೇನೆ. ಫೋನಿನಲ್ಲಿ ನಾನು ಮೊದಲು ಕೇಳುವುದೇ ಇದನ್ನು.

ಮೇಷ್ಟ್ರೇ, ನಿಮ್ಮ ಪದಪಟ್ಟಿ ತಲುಪಿತು, ಮೂವತ್ತೆಂಟು ಪದ. ಮಳವಳ್ಳಿ ಅಕ್ಕನ ಜೊತೆ ಕೂತು ಓದಿದೆವು, ಎಂಟು ಬದಲಾಯಿಸಿದ್ದೇವೆ. ‘ಅಡ್ಡಪರಿಣಾಮ’ದ ಜಾಗದಲ್ಲಿ ‘ಔಷಧಿಯಿಂದ ಆಗಬಹುದಾದ ತೊಂದರೆ’ ಅಂತ ಹಾಕಿದ್ದೇವೆ, ಬೇಸರ ಮಾಡಿಕೊಳ್ಳಬೇಡಿ.

ಚಾಮರಾಜಪುರಂ ಮೇಷ್ಟ್ರು:

ಬೇಸರ ಯಾಕಮ್ಮ, ಸಂತೋಷ. ಅದೇ ಸರಿಯಾದ ಕನ್ನಡ.

ಶ್ರೀರಂಗಪಟ್ಟಣದ ಸೊಸೆ:

ನಮಸ್ತೆ, ಇದನ್ನೆಲ್ಲ ಈಗಷ್ಟೇ ಓದಿದೆ. ನಮ್ಮತ್ತೆಗೆ ಎದೆಯಲ್ಲಿ ಗಂಟು, ಬಯಾಪ್ಸಿ ರಿಪೋರ್ಟ್ ನಿನ್ನೆ ಬಂತು. ಸೋಮವಾರ ಕೀಮೋ ಶುರು ಅಂದಿದ್ದಾರೆ. ರಿಪೋರ್ಟಿನಲ್ಲಿ ಹರ್‌2 ಮುಂದೆ 2+ ಅಂತಿದೆ. ಫಿಶ್ ಬಗ್ಗೆ ಯಾರೂ ಏನೂ ಹೇಳಿಲ್ಲ. ಏನು ಮಾಡಲಿ?

ಸರಸ್ವತಿಪುರಂ ಸಿಸ್ಟರ್:

ಅಮ್ಮ, ಸೋಮವಾರದ ತಾರೀಖನ್ನು ನೀವಾಗಿಯೇ ಮುಂದಕ್ಕೆ ಹಾಕಬೇಡಿ. ನಾಳೆ ಬೆಳಿಗ್ಗೆಯೇ ನಿಮ್ಮ ಡಾಕ್ಟರನ್ನು ನೋಡಿ, ‘ಹರ್‌2 2+ ಇದೆ, ಫಿಶ್ ಕಳಿಸಬೇಕಾ, ಅದರ ಉತ್ತರ ಬರುವ ಮುಂಚೆ ಕೀಮೋ ಶುರು ಮಾಡಬಹುದಾ, ಅತ್ತೆಗೆ ಹೊಂದುವ ಟ್ರಯಲ್ ಎಲ್ಲಾದರೂ ಇದೆಯಾ’ ಅಂತ ಈ ಮೂರನ್ನೂ ಕಾಗದದಲ್ಲಿ ಬರೆದುಕೊಂಡು ಹೋಗಿ ಕೇಳಿ. ಬಯಾಪ್ಸಿ ಬ್ಲಾಕ್ ಯಾವ ಲ್ಯಾಬಿನಲ್ಲಿದೆ ಅಂತ ತಿಳಿದುಕೊಳ್ಳಿ, ಫಿಶ್ ಮಾಡುವುದು ಅದರಿಂದಲೇ. ಇಲ್ಲಿ ರಿಪೋರ್ಟಿನ ಫೋಟೋ ಹಾಕಬೇಡಿ. ನನ್ನ ನಂಬರ್ ಖಾಸಗಿಯಾಗಿ ಕಳಿಸಿದ್ದೇನೆ, ಎಂಟು ಗಂಟೆಗೆ ಕ್ಲಿನಿಕ್ ಬಾಗಿಲು ತೆಗೆಯುತ್ತೇನೆ, ಅದಕ್ಕೂ ಮುಂಚೆ ಬೇಕಾದರೂ ಫೋನ್ ಮಾಡಿ.